ಕಮ್ಯುನಿಟಿ ಕಾಲೇಜಿನಿಂದ ಸೈಕಾಲಜಿ ಪದವಿಗೆ: ಹೆಸರಿಗಿಂತ ಮೊದಲು ನೋಡಬೇಕಾದ ಎರಡು ಲೆಕ್ಕ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಆರು ವರ್ಷದಿಂದ ಇದ್ದೇವೆ. ಯಜಮಾನರು ಎಚ್-1ಬಿ ಕೆಲಸದ ವೀಸಾದಲ್ಲಿ, ನಾನು ಮತ್ತು ಮಗಳು ಅವರ ಅವಲಂಬಿತರಾಗಿ ಎಚ್-4ನಲ್ಲಿ. ಮಗಳು 2025ರ ಫಾಲ್‌ನಲ್ಲಿ (ಶರತ್ಕಾಲದ ಅವಧಿ) ಇಲ್ಲೇ ಹತ್ತಿರದ ಡಿ ಆಂಜಾ ಕಾಲೇಜಿಗೆ ಸೇರಿದಳು. ಒಂದು ವರ್ಷ ಮುಗಿದು 48 ಯೂನಿಟ್ (ಕೋರ್ಸಿನ ತೂಕ ಅಳೆಯುವ ಲೆಕ್ಕ) ಆಗಿದೆ. ಸೈಕಾಲಜಿಯಲ್ಲಿ ಎ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬಿ, ಬಯಾಲಜಿಯನ್ನು ನಡುವೆ ಬಿಟ್ಟಿದ್ದರಿಂದ ‘ಡಬ್ಲ್ಯು’ ಇದೆ. 2027ರ ಫಾಲ್‌ಗೆ ಟ್ರಾನ್ಸ್‌ಫರ್ ಆಗಿ ಸೈಕಾಲಜಿ ಪದವಿ ಮುಗಿಸುವ ಆಸೆ ಅವಳದು. ಯಜಮಾನರು ‘ಬರ್ಕ್‌ಲಿ ಸಿಕ್ಕರೆ ಸರಿ, ಇಲ್ಲದಿದ್ದರೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸು’ ಅನ್ನುತ್ತಾರೆ. ದಾವಣಗೆರೆಯಲ್ಲಿರುವ ನಮ್ಮತ್ತೆ ‘ಕಮ್ಯುನಿಟಿ ಕಾಲೇಜು ಅಂದ್ರೆ ಡಿಗ್ರಿ ಅಲ್ವಂತೆ, ಡಿಪ್ಲೊಮಾನಂತೆ’ ಎಂದು ಪ್ರತಿ ಭಾನುವಾರ ಕೇಳುತ್ತಾರೆ. ಮಗಳಿಗೆ 2027ರ ಡಿಸೆಂಬರ್‌ಗೆ 21 ತುಂಬುತ್ತದೆ. ಗ್ರೀನ್ ಕಾರ್ಡ್ ಇನ್ನೂ ದೂರ. ಓದಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆಯೇ? ಪದವಿಯ ಬೆಲೆ ಕಡಿಮೆಯಾಗುತ್ತದೆಯೇ? ಯಾವ ದಾರಿ ಹಿಡಿಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಪದವಿಯ ಮರ್ಯಾದೆ, ಓದಿದ ಕೋರ್ಸ್‌ಗಳ ಗತಿ, ಮತ್ತು ಮಗಳ ವೀಸಾ. ಮನೆಯಲ್ಲಿ ಹೆಚ್ಚು ಮಾತಾಗುತ್ತಿರುವುದು ಮೊದಲನೆಯದರ ಬಗ್ಗೆ. ಆದರೆ ನಿಮ್ಮ ಹಣವನ್ನೂ ಮಗಳ ವರ್ಷಗಳನ್ನೂ ನಿರ್ಧರಿಸುವುದು ಉಳಿದ ಎರಡು. ಅದರಲ್ಲೂ ಮೂರನೆಯದನ್ನು ನೀವು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ಅದೇ ಮೊದಲ ಸಾಲಾಗಬೇಕಿತ್ತು.

ಅತ್ತೆಯವರ ಪ್ರಶ್ನೆಗೆ ಉತ್ತರ ಸುಲಭ. ಕ್ಯಾಲಿಫೋರ್ನಿಯಾದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ನಾಲ್ಕು ವರ್ಷದ ಪದವಿಯ ಮೊದಲ ಎರಡು ವರ್ಷವನ್ನು ಕಡಿಮೆ ಖರ್ಚಿನಲ್ಲಿ ಓದಿಸಿ ವಿಶ್ವವಿದ್ಯಾಲಯಕ್ಕೆ ದಾಟಿಸುವುದು ಅವುಗಳ ಮುಖ್ಯ ಕೆಲಸಗಳಲ್ಲಿ ಒಂದು. ಮಗಳು ಕೊನೆಯ ಎರಡು ವರ್ಷ ಎಲ್ಲಿ ಓದುತ್ತಾಳೋ ಆ ವಿಶ್ವವಿದ್ಯಾಲಯವೇ ಪದವಿ ಕೊಡುತ್ತದೆ. ಪ್ರಮಾಣಪತ್ರದ ಮೇಲೆ ಇರುವುದು ಅದರ ಹೆಸರು ಮಾತ್ರ. ‘ಟ್ರಾನ್ಸ್‌ಫರ್ ಆಗಿ ಬಂದವಳು’ ಎಂಬ ಗುರುತು ಎಲ್ಲೂ ಇರುವುದಿಲ್ಲ. ಮುಂದೆ ಎಂ.ಎ. ಅಥವಾ ಪಿಎಚ್.ಡಿ.ಗೆ ಅರ್ಜಿ ಹಾಕುವಾಗ ಓದಿದ ಎಲ್ಲ ಕಾಲೇಜುಗಳ ಅಂಕಪಟ್ಟಿ ಕೇಳುತ್ತಾರೆ, ನಿಜ. ಅಲ್ಲಿ ನೋಡುವುದು ಗ್ರೇಡ್ ಮತ್ತು ಸಂಶೋಧನೆಯ ಅನುಭವವನ್ನು.

ಇನ್ನು ‘ಓದಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆಯೇ’. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಮೊದಲು ಯೂನಿಟ್. ಡಿ ಆಂಜಾ ಕಾಲೇಜು ವರ್ಷವನ್ನು ಕ್ವಾರ್ಟರ್ ಎಂಬ, ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಾಗಿ ಹಂಚುತ್ತದೆ. ಒಂದು ಕ್ವಾರ್ಟರ್ ಯೂನಿಟ್ ಅಂದರೆ ಸೆಮಿಸ್ಟರ್ ಯೂನಿಟ್‌ನ ಮೂರರಲ್ಲಿ ಎರಡು ಪಾಲು. ಮಗಳ 48 ಯೂನಿಟ್ ಸೆಮಿಸ್ಟರ್ ಲೆಕ್ಕದಲ್ಲಿ 32. ಸ್ಯಾನ್ ಹೊಸೆ ಸ್ಟೇಟ್‌ನಂಥ ಸೆಮಿಸ್ಟರ್ ಕ್ಯಾಂಪಸ್‌ಗೆ ಹೋದಾಗ ಅಂಕಪಟ್ಟಿಯಲ್ಲಿ ಸಂಖ್ಯೆ ಕುಗ್ಗಿದ್ದು ನೋಡಿ ‘16 ಯೂನಿಟ್ ನುಂಗಿಬಿಟ್ಟರು’ ಎಂದು ಗಾಬರಿಯಾಗುವವರು ಬಹಳ. ಏನೂ ನುಂಗಿಲ್ಲ. ಸೇರನ್ನು ಕಿಲೋಗೆ ಬದಲಾಯಿಸಿದ ಹಾಗೆ ಅಷ್ಟೇ. ಟ್ರಾನ್ಸ್‌ಫರ್‌ಗೆ ಬೇಕಾದ್ದು 60 ಸೆಮಿಸ್ಟರ್ ಯೂನಿಟ್, ಅಂದರೆ 90 ಕ್ವಾರ್ಟರ್ ಯೂನಿಟ್. ಮಗಳಿಗೆ ಇನ್ನು 42 ಬೇಕು. ಮೂರು ಕ್ವಾರ್ಟರ್‌ಗೆ ತಲಾ 14. ಮಾಡಬಹುದಾದ ಹೊರೆ.

ನಿಜವಾಗಿ ಕಳೆದುಹೋಗುವುದು ಯೂನಿಟ್ ಅಲ್ಲ, ಹೊಂದಾಣಿಕೆ. ಒಂದು ಕೋರ್ಸ್ ಮೂರು ಬೇರೆ ಬೇರೆ ಖಾತೆಗಳಿಗೆ ಜಮಾ ಆಗಬಹುದು: ಒಟ್ಟು ಯೂನಿಟ್ ಖಾತೆ, ಸಾಮಾನ್ಯ ಶಿಕ್ಷಣದ ಖಾತೆ, ಮೇಜರ್ (ಪದವಿಯ ಮುಖ್ಯ ವಿಷಯ) ಖಾತೆ. ಮೊದಲೆರಡು ತುಂಬಿ ಮೂರನೆಯದು ಖಾಲಿ ಇದ್ದರೆ ಮಗಳು ಹೆಸರಿಗೆ ಮೂರನೇ ವರ್ಷದ ವಿದ್ಯಾರ್ಥಿನಿ, ಆದರೆ ಕೂರುವುದು ಮೊದಲ ವರ್ಷದ ಕೋರ್ಸ್‌ಗಳಲ್ಲಿ. ಎರಡು ವರ್ಷದ ಕೆಲಸ ಎರಡೂವರೆ, ಮೂರು ವರ್ಷಕ್ಕೆ ಹಿಗ್ಗುವುದು ಹೀಗೆ.

ಸಾಮಾನ್ಯ ಶಿಕ್ಷಣಕ್ಕೆ ಈಗ ಕ್ಯಾಲ್-ಜೆಟ್ಸಿ ಎಂಬ ಒಂದೇ ಪಟ್ಟಿ ಇದೆ. 2025ರ ಫಾಲ್‌ನಿಂದ ಹೊಸದಾಗಿ ಸೇರಿದವರಿಗೆ ಇದೇ ಅನ್ವಯ. ಒಟ್ಟು 11 ಕೋರ್ಸ್, 34 ಸೆಮಿಸ್ಟರ್ ಯೂನಿಟ್, ಪ್ರತಿಯೊಂದರಲ್ಲೂ ಕನಿಷ್ಠ ಸಿ. ನೆಂಟರಿಷ್ಟರ ಹಿರಿಯ ಮಕ್ಕಳು ‘ಐಜೆಟ್ಸಿ ಮಾಡು’ ಎಂದು ಹೇಳಿದರೆ ಅದು ಅವರ ಕಾಲದ ಪಟ್ಟಿ. ನಿಮ್ಮ ಮಗಳದ್ದು ಅದಲ್ಲ. ಹಳೆಯ ಪಟ್ಟಿ ನಂಬಿ ಮಾತುಗಾರಿಕೆಯ ಕೋರ್ಸ್ ಬಿಟ್ಟರೆ ಕೊನೆಯ ಕ್ವಾರ್ಟರ್‌ನಲ್ಲಿ ಪೇಚಾಟ. ಹನ್ನೊಂದೂ ಮುಗಿದ ಮೇಲೆ ‘ಸರ್ಟಿಫೈ ಮಾಡಿ ಕಳಿಸಿ’ ಎಂದು ಕಾಲೇಜಿಗೆ ನೀವೇ ಅರ್ಜಿ ಕೊಡಬೇಕು. ತಾನಾಗಿ ಹೋಗುತ್ತದೆ ಎಂದು ಕೂರಬೇಡಿ.

ಮೇಜರ್ ಖಾತೆಗೆ ಬರೋಣ. ಇದಕ್ಕೆ ಒಂದೇ ಅಧಿಕೃತ ಜಾಗ, ಅಸಿಸ್ಟ್ ಡಾಟ್ ಆರ್ಗ್. ಸರ್ಕಾರಿ ವಿಶ್ವವಿದ್ಯಾಲಯಗಳು ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸನ್ನು ತಮ್ಮ ಯಾವ ಕೋರ್ಸಿಗೆ ಸಮ ಎಂದು ಒಪ್ಪಿವೆ ಎನ್ನುವ ಒಪ್ಪಂದಗಳು ಅಲ್ಲಿರುತ್ತವೆ. ಇವತ್ತೇ ಸಂಜೆ ಮಗಳ ಜೊತೆ ಕೂತು ತೆರೆಯಿರಿ. ಇತ್ತೀಚಿನ ಶೈಕ್ಷಣಿಕ ವರ್ಷ, ಡಿ ಆಂಜಾ, ನಂತರ ವಿಶ್ವವಿದ್ಯಾಲಯ, ನಂತರ ಮೇಜರ್ ಆರಿಸಿ. ಪುಟದ ಎಡಗಡೆ ವಿಶ್ವವಿದ್ಯಾಲಯದ ಕೋರ್ಸ್, ಬಲಗಡೆ ನಿಮ್ಮ ಕಾಲೇಜಿನ ಸಮಾನ ಕೋರ್ಸ್. ನಡುವೆ ಇರುವ ‘ಆ್ಯಂಡ್’, ‘ಆರ್’ ಎಂಬ ಪುಟ್ಟ ಪದಗಳ ಮೇಲೆ ಬೆರಳಿಟ್ಟು ಓದಿ. ‘ಆ್ಯಂಡ್’ ಇದ್ದರೆ ಎರಡೂ ಬೇಕು. ಕ್ವಾರ್ಟರ್ ಕಾಲೇಜಿನಲ್ಲಿ ಮೂರು ಭಾಗವಾಗಿ ಕಲಿಸುವ ಬಯಾಲಜಿ ಅಥವಾ ಕ್ಯಾಲ್ಕುಲಸ್ ಸರಣಿಯಲ್ಲಿ ಎರಡು ಮಾಡಿ ಮೂರನೆಯದನ್ನು ಬಿಟ್ಟರೆ, ಸೆಮಿಸ್ಟರ್ ಕ್ಯಾಂಪಸ್‌ನಲ್ಲಿ ಅದು ಅರ್ಧಕ್ಕೂ ಸಮ ಅಲ್ಲ, ಪೂರ್ಣಕ್ಕೂ ಸಮ ಅಲ್ಲ ಎನ್ನುವ ಸ್ಥಿತಿ ಬರಬಹುದು. ಸರಣಿ ಶುರು ಮಾಡಿದರೆ ಒಂದೇ ಕಾಲೇಜಿನಲ್ಲಿ ಮುಗಿಸಿ. ಬಲಗಡೆ ‘ನೋ ಕೋರ್ಸ್ ಆರ್ಟಿಕ್ಯುಲೇಟೆಡ್’ ಎಂದಿದ್ದರೆ ಆ ಕೋರ್ಸಿಗೆ ನಿಮ್ಮ ಕಾಲೇಜಿನಲ್ಲಿ ಸಮಾನವಾದದ್ದಿಲ್ಲ. ಹತ್ತಿರದ ಬೇರೆ ಕಮ್ಯುನಿಟಿ ಕಾಲೇಜಿನಲ್ಲಿ ಇದೆಯೇ ನೋಡಬಹುದು, ಇಲ್ಲವಾದರೆ ಹೋದ ಮೇಲೆ ಮಾಡುವ ಕೋರ್ಸ್ ಎಂದು ಬರೆದಿಟ್ಟುಕೊಳ್ಳಿ.

ಸೈಕಾಲಜಿಯಲ್ಲಿ ಎಲ್ಲ ಕಡೆಯೂ ಬೆನ್ನೆಲುಬು ಒಂದೇ: ಪರಿಚಯದ ಕೋರ್ಸ್, ಸ್ಟ್ಯಾಟಿಸ್ಟಿಕ್ಸ್, ಸಂಶೋಧನಾ ವಿಧಾನಗಳು, ಮಿದುಳು ಮತ್ತು ನಡವಳಿಕೆಯ ಜೈವಿಕ ಮನಃಶಾಸ್ತ್ರ. ಮೊದಲೆರಡಕ್ಕೆ 2025ರ ಫಾಲ್‌ನಿಂದ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಸಮಾನ ಸಂಖ್ಯೆ ಬಂದಿದೆ. ಎರಡರ ಕೊನೆಯಲ್ಲೂ ಸಿ1000 ಎಂದಿರುತ್ತದೆ. ಮಗಳಿಗೆ ಈ ಎರಡೂ ಮುಗಿದಿವೆ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಬಿ ಬಂದಿದ್ದಕ್ಕೆ ಅದನ್ನೇ ಇನ್ನೊಂದು ವಿಭಾಗದಲ್ಲಿ ಮತ್ತೆ ಓದುವ ಯೋಚನೆ ಬೇಡ. ಯುಸಿ (ಬರ್ಕ್‌ಲಿ ಮುಂತಾದ ಕ್ಯಾಂಪಸ್‌ಗಳಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಎರಡು ಪರಿಚಯಾತ್ಮಕ ಸ್ಟ್ಯಾಟಿಸ್ಟಿಕ್ಸ್ ಕೋರ್ಸ್‌ಗಳಲ್ಲಿ ಒಂದಕ್ಕೇ ಕ್ರೆಡಿಟ್ ಕೊಡುತ್ತದೆ. ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬಂದ ಕೋರ್ಸನ್ನು ಗ್ರೇಡ್ ಏರಿಸಲು ಮತ್ತೆ ತೆಗೆದುಕೊಳ್ಳುವುದಕ್ಕೂ ಅವಕಾಶವಿಲ್ಲ. ಬಿ ಇರಲಿ, ಅದು ಒಳ್ಳೆಯ ಗ್ರೇಡ್.

ಬರುವ ಫಾಲ್ ಕ್ವಾರ್ಟರ್‌ನಲ್ಲೇ ಸಂಶೋಧನಾ ವಿಧಾನಗಳ ಕೋರ್ಸ್‌ಗೆ ಹೆಸರು ಹಚ್ಚಲಿ. ಇದಕ್ಕೆ ಪರಿಚಯದ ಕೋರ್ಸ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಎರಡೂ ಮೊದಲೇ ಆಗಿರಬೇಕು. ಪ್ರತಿ ಕ್ವಾರ್ಟರ್‌ನಲ್ಲೂ ಸೀಟು ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಒಂದು ಮಾತು: ಕೆಲವು ವಿಶ್ವವಿದ್ಯಾಲಯಗಳು ಈ ಕೋರ್ಸನ್ನು ಮೇಲಿನ ಹಂತದ್ದೆಂದು ಪರಿಗಣಿಸಿ ತಮ್ಮಲ್ಲೇ ಮತ್ತೊಮ್ಮೆ ಓದಿಸುತ್ತವೆ. ಅದು ವ್ಯರ್ಥವಲ್ಲ. ಎರಡನೇ ಸಲ ಓದುವವಳು ಪ್ರಯೋಗದ ವಿನ್ಯಾಸ, ವೇರಿಯಬಲ್‌ಗಳ ನಿಯಂತ್ರಣ ಗೊತ್ತಿದ್ದುಕೊಂಡೇ ಹೋಗುತ್ತಾಳೆ.

ಬಯಾಲಜಿಯ ‘ಡಬ್ಲ್ಯು’ ಒಂದೇ ಆದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಆ ಖಾಲಿ ಜಾಗ ತುಂಬಲೇಬೇಕು. ಕ್ಯಾಲ್-ಜೆಟ್ಸಿಗೆ ಜೀವವಿಜ್ಞಾನ ಮತ್ತು ಲ್ಯಾಬ್ ಬೇಕು. ಕೆಲವು ಸೈಕಾಲಜಿ ಮೇಜರ್‌ಗಳಿಗೂ ಅದೇ ಬೇಕು. ಚಳಿಗಾಲದ ಕ್ವಾರ್ಟರ್‌ಗಿಂತ ಆಚೆ ತಳ್ಳಬೇಡಿ. ಬಿಟ್ಟಿದ್ದು ಯಾಕೆ ಎಂದು ಮಗಳನ್ನು ಮೆಲ್ಲಗೆ ಕೇಳಿ. ಕಾರಣ ಒಂದೇ ಕ್ವಾರ್ಟರ್‌ನಲ್ಲಿ ಎರಡು ಲ್ಯಾಬ್ ಕೋರ್ಸ್ ಹಾಕಿಕೊಂಡಿದ್ದಾಗಿದ್ದರೆ ಮದ್ದು ವೇಳಾಪಟ್ಟಿಯಲ್ಲಿದೆ.

‘ಸೈಕಾಲಜಿ’ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಪದವಿಗಳಿರುವುದು ಇನ್ನೊಂದು ಗೊಂದಲ. ಯುಸಿ ಅರ್ವೈನ್‌ನಲ್ಲಿ ಸೈಕಾಲಜಿ ಒಂದು ನಿಕಾಯದಲ್ಲಿ, ಸೈಕಲಾಜಿಕಲ್ ಸೈನ್ಸ್ ಇನ್ನೊಂದು ನಿಕಾಯದಲ್ಲಿ. ಯುಸಿ ಡೇವಿಸ್‌ನಲ್ಲಿ ಎ.ಬಿ. (ಬಿ.ಎ.ಗೆ ಇನ್ನೊಂದು ಹೆಸರು) ಮತ್ತು ಬಿ.ಎಸ್. ಎಂಬ ಎರಡು. ಸ್ಯಾನ್ ಹೊಸೆ ಸ್ಟೇಟ್‌ನಲ್ಲಿ ಬಿ.ಎ., ಬಿ.ಎಸ್. ಎರಡೂ ಇವೆ. ಯುಸಿಎಲ್‌ಎ (ಯುಸಿಯ ಲಾಸ್ ಏಂಜಲಿಸ್ ಕ್ಯಾಂಪಸ್) ಸೈಕಾಲಜಿ ವಿಭಾಗವನ್ನು ಜೀವವಿಜ್ಞಾನಗಳ ಬಣದಲ್ಲಿ ಇಟ್ಟಿದೆ, ಅಲ್ಲಿ ವಿಜ್ಞಾನದ ತಯಾರಿಗೆ ತೂಕ ಹೆಚ್ಚು. ಒಂದಕ್ಕೆ ಕ್ಯಾಲ್ಕುಲಸ್ ಬೇಕು, ಇನ್ನೊಂದಕ್ಕೆ ಬೇಡ. ಒಂದಕ್ಕೆ ಪ್ರೋಗ್ರಾಮಿಂಗ್ ಬೇಕು, ಮತ್ತೊಂದಕ್ಕೆ ಬಯಾಲಜಿ ಸಾಕು. ಆದ್ದರಿಂದ ನಾಲ್ಕೋ ಐದೋ ಕ್ಯಾಂಪಸ್‌ಗಳ ಅಸಿಸ್ಟ್ ಪುಟ ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಪಕ್ಕಪಕ್ಕ ಹರಡಿ. ಎಲ್ಲದರಲ್ಲೂ ಬರುವ ಕೋರ್ಸ್‌ಗೆ ಒಂದು ಬಣ್ಣ, ಒಂದೇ ಕಡೆ ಬರುವುದಕ್ಕೆ ಇನ್ನೊಂದು ಬಣ್ಣ ಹಚ್ಚಿ. ಮೊದಲ ಬಣ್ಣದವು ಕಡ್ಡಾಯ. ಎರಡನೇ ಬಣ್ಣದವು ಆ ಒಂದು ಕ್ಯಾಂಪಸ್‌ಗಾಗಿ ತೆರಬೇಕಾದ ಬೆಲೆ. ಬರ್ಕ್‌ಲಿಯ ಚರ್ಚೆಯನ್ನು ಯಜಮಾನರ ಜೊತೆ ಆ ಹಾಳೆಗಳ ಮುಂದೆ ಕೂತು ಮಾಡಿದರೆ ಮಾತು ಬೇಗ ನೆಲಕ್ಕೆ ಬರುತ್ತದೆ.

ಈಗ ದಾರಿಗಳು.

ಯುಸಿಯ ಆರು ಕ್ಯಾಂಪಸ್‌ಗಳು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಕಮ್ಯುನಿಟಿ ಕಾಲೇಜಿನವರಿಗೆ ಟ್ಯಾಗ್ ಎಂಬ ಖಾತರಿ ಪ್ರವೇಶ ಕೊಡುತ್ತವೆ. ಬರ್ಕ್‌ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೊಗೆ ಟ್ಯಾಗ್ ಇಲ್ಲ. ಆರರಲ್ಲಿ ಒಂದೇ ಒಂದಕ್ಕೆ ಟ್ಯಾಗ್ ಹಾಕಬಹುದು. ಸಮಯ ಸೆಪ್ಟೆಂಬರ್ 1ರಿಂದ 30, ಅಷ್ಟೇ. ಹಾಕುವ ಹೊತ್ತಿಗೆ 45 ಕ್ವಾರ್ಟರ್ ಯೂನಿಟ್ ಮುಗಿದಿರಬೇಕು, ಮಗಳಿಗೆ 48 ಇದೆ. ಪ್ರತಿ ಕ್ಯಾಂಪಸ್ ಕೇಳುವ ಜಿಪಿಎ (ಗ್ರೇಡ್‌ಗಳ ಸರಾಸರಿ), ಬೇಕಾದ ಕೋರ್ಸ್‌ಗಳು ಬೇರೆ. ಅವನ್ನು ಪ್ರತಿ ವರ್ಷ ಹೊಸದಾಗಿ ಪ್ರಕಟಿಸುತ್ತಾರೆ, ಆ ವರ್ಷದ್ದನ್ನೇ ನೋಡಿ. ‘ಬರ್ಕ್‌ಲಿಗೆ ಹಾಕುವವಳು ಟ್ಯಾಗ್ ಯಾಕೆ ಹಾಕಬೇಕು’ ಎಂದು ಬಿಡುವ ಮನೆಗಳು ಕಡಿಮೆಯಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಅದು. ಟ್ಯಾಗ್ ಹಾಕಿದವರು ಬರ್ಕ್‌ಲಿಗೂ ಯುಸಿಎಲ್‌ಎಗೂ ಸಾಮಾನ್ಯ ಅರ್ಜಿ ಹಾಕಬಹುದು. ಖಾತರಿ ಸೀಟನ್ನು ಒಪ್ಪಲೇಬೇಕೆಂಬ ಕಟ್ಟುಪಾಡೂ ಇಲ್ಲ. ಆದರೆ ಟ್ಯಾಗ್ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ: ಆ ಕ್ಯಾಂಪಸ್‌ಗೂ ಮುಖ್ಯ ಅರ್ಜಿಯನ್ನು ಅದೇ ಮೇಜರ್‌ಗೆ ಸಲ್ಲಿಸಬೇಕು. ಅರ್ಜಿಯಲ್ಲಿ ಮೇಜರ್ ಬದಲಾಯಿಸಿದರೆ ಖಾತರಿ ಬಿದ್ದುಹೋಗುತ್ತದೆ.

ಮುಖ್ಯ ಅರ್ಜಿ ಅಕ್ಟೋಬರ್ 1ರಿಂದ. ನವೆಂಬರ್ 30ನ್ನೇ ಕೊನೆಯ ದಿನ ಎಂದುಕೊಳ್ಳಿ. ಎಸ್‌ಎಟಿ ಅಂಕ ಯುಸಿಗೆ ಬೇಡ. ನಾಲ್ಕು ಕಿರು ಪ್ರಬಂಧಗಳು, ಒಂದೊಂದು 350 ಪದದೊಳಗೆ. ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಅದರಲ್ಲಿ ಒಂದು ಕಡ್ಡಾಯ: ಈ ಮೇಜರ್‌ಗೆ ನೀವು ಹೇಗೆ ತಯಾರಾಗಿದ್ದೀರಿ. ಸೈಕಾಲಜಿಗೆ ಬರುವ ಅರ್ಜಿಗಳಲ್ಲಿ ‘ಜನರಿಗೆ ಸಹಾಯ ಮಾಡಬೇಕೆಂಬ ಆಸೆ’ ತುಂಬಿ ತುಳುಕುತ್ತಿರುತ್ತದೆ. ಓದುವವರಿಗೆ ಬೇಕಾದ್ದು ತಯಾರಿ. ಸ್ಟ್ಯಾಟಿಸ್ಟಿಕ್ಸ್ ತರಗತಿಯಲ್ಲಿ ಯಾವ ದತ್ತಾಂಶದ ಮೇಲೆ ಏನು ಮಾಡಿದಳು, ಯಾವ ಪ್ರಶ್ನೆ ತಲೆಯಲ್ಲಿ ಉಳಿಯಿತು ಎಂಬುದನ್ನು ಬರೆಯಲಿ.

ಜನವರಿಯಲ್ಲಿ ಇನ್ನೊಂದು ಮೆಟ್ಟಿಲಿದೆ, ಜಾರುವವರು ಇಲ್ಲೂ ಇದ್ದಾರೆ. ಫಾಲ್‌ನ ಗ್ರೇಡ್‌ಗಳನ್ನೂ ಮುಂದಿನ ಎರಡು ಕ್ವಾರ್ಟರ್‌ಗಳ ಕೋರ್ಸ್‌ಗಳನ್ನೂ ತುಂಬುವ ನವೀಕರಣದ ಫಾರಂ ಜನವರಿ 31ರೊಳಗೆ ಹೋಗಬೇಕು. ಅದಾದ ಮೇಲೆ ಬರೆದುಕೊಟ್ಟ ಕೋರ್ಸ್‌ಗಳೇ ಕರಾರು. ಸ್ಪ್ರಿಂಗ್‌ನಲ್ಲಿ ಒಂದನ್ನು ಕೈಬಿಟ್ಟು ಯಾರಿಗೂ ಹೇಳದಿದ್ದರೆ, ಅಥವಾ ಡಿ ಬಂದರೆ, ಕೊಟ್ಟ ಪ್ರವೇಶವನ್ನು ವಾಪಸ್ ತೆಗೆದುಕೊಳ್ಳುವ ಹಕ್ಕು ವಿಶ್ವವಿದ್ಯಾಲಯಕ್ಕಿದೆ, ಟ್ಯಾಗ್ ಇದ್ದರೂ. ಬದಲಾವಣೆ ಅನಿವಾರ್ಯವಾದರೆ ಅದೇ ವಾರ ಬರೆದು ತಿಳಿಸಿ. ಮೊದಲೇ ತಿಳಿಸಿದವರಿಗೆ ದಾರಿ ಸಿಗುವುದುಂಟು, ಜುಲೈನಲ್ಲಿ ಅಂತಿಮ ಅಂಕಪಟ್ಟಿ ನೋಡಿ ಪತ್ತೆಯಾದವರಿಗೆ ಕಷ್ಟ.

ಎರಡನೇ ದಾರಿ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ), ಅಂದರೆ ಸ್ಯಾನ್ ಹೊಸೆ ಸ್ಟೇಟ್, ಹೇವರ್ಡ್‌ನ ಈಸ್ಟ್ ಬೇ ಮುಂತಾದವು. ಸೈಕಾಲಜಿಯಲ್ಲಿ ಕಮ್ಯುನಿಟಿ ಕಾಲೇಜೇ ಕೊಡುವ ಎ.ಎ.-ಟಿ ಎಂಬ ಟ್ರಾನ್ಸ್‌ಫರ್ ಪದವಿ ಮುಗಿಸಿದರೆ ಸಿಎಸ್‌ಯು ವ್ಯವಸ್ಥೆಯಲ್ಲಿ ಸೀಟು ಖಾತರಿ, ಮತ್ತು ಅದಕ್ಕೆ ಹೊಂದುವ ಮೇಜರ್‌ನಲ್ಲಿ ಇನ್ನು 60 ಸೆಮಿಸ್ಟರ್ ಯೂನಿಟ್‌ಗೆ ಪದವಿ ಮುಗಿಸಬಹುದು. ಇಲ್ಲಿನ ತಪ್ಪು ಕಲ್ಪನೆ: ಖಾತರಿ ಇರುವುದು ವ್ಯವಸ್ಥೆಗೆ, ನಿಮಗೆ ಬೇಕಾದ ಕ್ಯಾಂಪಸ್‌ಗಲ್ಲ. ಸ್ಯಾನ್ ಹೊಸೆಯಂಥ ಕಡೆ ಸೀಟಿಗಿಂತ ಅರ್ಜಿ ಜಾಸ್ತಿ, ಪೈಪೋಟಿಯ ಜಿಪಿಎ ಇರುತ್ತದೆ. ಎ.ಎ.-ಟಿ ಇದ್ದವರಿಗೆ ಅಲ್ಲಿ ಸಣ್ಣ ಅನುಕೂಲ ಸಿಗುತ್ತದೆ. ಇನ್ನೊಂದು ಎಚ್ಚರಿಕೆ: ಎ.ಎ.-ಟಿ ಒಂದು ಕ್ಯಾಂಪಸ್‌ನ ಬಿ.ಎ.ಗೆ ಹೊಂದಿ, ಅದೇ ಕ್ಯಾಂಪಸ್‌ನ ಬಿ.ಎಸ್.ಗೆ ಹೊಂದದಿರಬಹುದು. ಬರಹ, ಮಾತು, ವಿಮರ್ಶಾತ್ಮಕ ಚಿಂತನೆ, ಗಣಿತ, ಈ ನಾಲ್ಕು ಕೋರ್ಸ್ ಆಗದೆ ಸಿಎಸ್‌ಯು ಬಾಗಿಲು ತೆರೆಯುವುದಿಲ್ಲ.

ಖಾಸಗಿ ಅಥವಾ ಹೊರರಾಜ್ಯದ ವಿಶ್ವವಿದ್ಯಾಲಯಗಳಿಗೆ ಅಸಿಸ್ಟ್ ಅನ್ವಯಿಸುವುದಿಲ್ಲ. ಅವರು ಕೋರ್ಸ್ ವಿವರ ನೋಡಿ ಒಂದೊಂದಾಗಿ ತೀರ್ಮಾನಿಸುತ್ತಾರೆ. ಲಿಖಿತ ಮೌಲ್ಯಮಾಪನ ಕೈಗೆ ಬರುವ ಮುನ್ನ ಮುಂಗಡ ಹಣ ಕಟ್ಟಬೇಡಿ.

ಇಷ್ಟು ಹೇಳಿದ ಮೇಲೆ 21ನೇ ಹುಟ್ಟುಹಬ್ಬಕ್ಕೆ ಬರುತ್ತೇನೆ. ಎಚ್-4ನಲ್ಲಿ ಇರುವವರೆಗೆ ಮಗಳು ಕ್ಯಾಲಿಫೋರ್ನಿಯಾದ ನಿವಾಸಿ ಶುಲ್ಕಕ್ಕೆ ಅರ್ಹಳಾಗಬಹುದು. ಅದಕ್ಕೇ ಈಗ ಡಿ ಆಂಜಾದಲ್ಲಿ ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್ ಕಟ್ಟುತ್ತಿದ್ದೀರಿ, 90 ಯೂನಿಟ್‌ಗೆ 2,790. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಓದು ಮುಂದುವರಿಸಲು ಸಾಮಾನ್ಯವಾಗಿ ಹಿಡಿಯುವುದು ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ಎಫ್-1ನವರು ಶುಲ್ಕದ ಮಟ್ಟಿಗೆ ನಿವಾಸಿಗಳಾಗಲು ಬರುವುದಿಲ್ಲ. ಮಗಳ ವಿಷಯದಲ್ಲಿ ಇದು ಬೀಳುವುದು ಟ್ರಾನ್ಸ್‌ಫರ್ ಆದ ಮೊದಲ ಅವಧಿಯಲ್ಲೇ. ಅಂದರೆ ವಿಶ್ವವಿದ್ಯಾಲಯದ ಎರಡು ವರ್ಷದಲ್ಲಿ ಬಹುಪಾಲು ಅನಿವಾಸಿ ಶುಲ್ಕದಲ್ಲಿ ಕಳೆಯಬೇಕಾಗಬಹುದು.

ಲೆಕ್ಕ ನೋಡಿ. ಯುಸಿಯಲ್ಲಿ ಅನಿವಾಸಿಗಳು ನಿವಾಸಿ ಶುಲ್ಕದ ಮೇಲೆ ವರ್ಷಕ್ಕೆ ಹೆಚ್ಚುವರಿಯಾಗಿ ಕಟ್ಟುವುದು ಈಗ 35 ಸಾವಿರ ಡಾಲರ್‌ಗೂ ಮೇಲೆ. ಸಿಎಸ್‌ಯುನಲ್ಲಿ 2025-26ರ ಮೂಲ ಬೋಧನಾ ಶುಲ್ಕ ವರ್ಷಕ್ಕೆ 6,450 ಡಾಲರ್. ಅನಿವಾಸಿಗಳಿಗೆ ಅದರ ಮೇಲೆ ಸೆಮಿಸ್ಟರ್ ಯೂನಿಟ್‌ಗೆ 400 ಡಾಲರ್‌ಗೂ ಹೆಚ್ಚು, ವರ್ಷಕ್ಕೆ 30 ಯೂನಿಟ್ ಓದಿದರೆ 12 ಸಾವಿರ ದಾಟುತ್ತದೆ. ಮೇಜರ್ ಖಾತೆಯಲ್ಲಿ ಎರಡು ಕೋರ್ಸ್ ಬಾಕಿ ಉಳಿದು ಪದವಿ ಒಂದು ಅವಧಿ ಮುಂದಕ್ಕೆ ಹೋದರೆ ಆ ಒಂದು ಅವಧಿಯ ಬೆಲೆ ಎಷ್ಟು ಎಂದು ಈಗ ನಿಮಗೇ ಕಾಣುತ್ತದೆ. ಅಸಿಸ್ಟ್ ಹಾಳೆಗಳ ಮುಂದೆ ಕೂರಿ ಎಂದು ಅಷ್ಟು ಒತ್ತಿ ಹೇಳಿದ್ದು ಈ ಕಾರಣಕ್ಕೆ. ಎಚ್-4ಗೂ ಎಫ್-1ಗೂ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಿ. ಸ್ಯಾನ್ ಹೊಸೆ ಅಥವಾ ಈಸ್ಟ್ ಬೇ ಆದರೆ ಮಗಳು ಮನೆಯಿಂದಲೇ ಓಡಾಡಬಹುದು. ಬಾಡಿಗೆಯೂ ಉಳಿಯುತ್ತದೆ.

ಎಫ್-1ಗೆ ಬದಲಾಗುವ ಅರ್ಜಿ 21 ತುಂಬುವ ಮೊದಲೇ, ಎಚ್-4 ಜೀವಂತ ಇರುವಾಗಲೇ ಹೋಗಬೇಕು. ಅದಕ್ಕೆ ವಿಶ್ವವಿದ್ಯಾಲಯ ಕೊಡುವ ಐ-20 ಎಂಬ ಪ್ರವೇಶದ ದಾಖಲೆ ಬೇಕು, ಐ-20ಗೆ ಒಂದು ವರ್ಷದ ಖರ್ಚಿನ ಹಣ ಇದೆಯೆಂಬ ದಾಖಲೆ ಬೇಕು. ಪ್ರವೇಶ ಒಪ್ಪಿಕೊಂಡ ವಾರವೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಬರೆಯಿರಿ, ಡಿಸೆಂಬರ್ ತನಕ ಕಾಯಬೇಡಿ. ದೇಶದ ಹೊರಗೆ ಹೋಗಿ ವೀಸಾ ಹಾಕಿಸಿಕೊಂಡು ಬರುವುದು ಇನ್ನೊಂದು ದಾರಿ. ಅಲ್ಲಿ ಸಂದರ್ಶನದ ದಿನ ಸಿಗದ ಅಪಾಯವೂ, ತಂದೆಯ ಗ್ರೀನ್ ಕಾರ್ಡ್ ಅರ್ಜಿ ಮುಂದಿಟ್ಟು ‘ವಾಪಸ್ ಹೋಗುವ ಉದ್ದೇಶ ಇದೆಯೇ’ ಎಂದು ಕೇಳುವ ಅಪಾಯವೂ ಇವೆ. ಮಕ್ಕಳ ವಯಸ್ಸನ್ನು ಲೆಕ್ಕದಲ್ಲಿ ತಗ್ಗಿಸುವ ಸಿಎಸ್‌ಪಿಎ ಎಂಬ ಕಾನೂನು ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ಯಜಮಾನರ ಐ-140ರ (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ದಿನಾಂಕಗಳನ್ನು ಹಿಡಿದು ವಲಸೆ ವಕೀಲರೇ ಹೇಳಬೇಕು. ಒಂದು ಗಂಟೆಯ ಸಲಹೆಗೆ ಹಣ ಕೊಡಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಬೇಡಿ.

ಕೆಲಸದ ವಿಷಯಕ್ಕೂ ವೀಸಾಕ್ಕೂ ನಂಟಿದೆ. ಎಫ್-1ನಲ್ಲಿ ಪದವಿ ಮುಗಿಸಿದವರಿಗೆ 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ ಸಿಗುತ್ತದೆ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂದು ಗುರುತಿಸಿದ ವಿಷಯಕ್ಕೆ ಅದರ ಮೇಲೆ ಇನ್ನೂ 24 ತಿಂಗಳು. ಪದವಿಗಳಿಗೆ ಕೊಡುವ ಸರ್ಕಾರಿ ವಿಷಯ ಸಂಖ್ಯೆಗಳಲ್ಲಿ ಸಾಮಾನ್ಯ ಸೈಕಾಲಜಿಯ ಕೋಡ್ 42.0101, ಅದು ಸ್ಟೆಮ್ ಅಲ್ಲ. ಸಂಶೋಧನಾತ್ಮಕ ಮನಃಶಾಸ್ತ್ರದ 42.27ರಿಂದ ಶುರುವಾಗುವ ಕೋಡ್‌ಗಳು, ಕಾಗ್ನಿಟಿವ್ ಸೈನ್ಸ್‌ನ 30.2501, ಇವು ಸ್ಟೆಮ್ ಪಟ್ಟಿಯಲ್ಲಿವೆ. ಹೆಸರು ಒಂದೇ ಆದರೂ ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಕೋಡ್ ಬೇರೆಯಿರಬಹುದು. ಮೇಜರ್ ಆರಿಸುವ ಮುಂಚೆ ಕೋಡ್ ಕೇಳಿ ತಿಳಿಯಿರಿ. ‘ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸು’ ಎನ್ನುವ ಯಜಮಾನರ ಮಾತಿನ ಹಿಂದೆ ಇರುವುದು ಈ ಭದ್ರತೆಯ ಚಿಂತೆಯೇ ಇರಬೇಕು. ಆ ಚಿಂತೆ ನ್ಯಾಯವಾದದ್ದು. ಆದರೆ ಒಂದು ವರ್ಷ ಸೈಕಾಲಜಿಗೆ ಓದಿದವಳು ಈಗ ಕಂಪ್ಯೂಟರ್ ಸೈನ್ಸ್‌ಗೆ ಹೊರಳಿದರೆ ಕ್ಯಾಲ್ಕುಲಸ್, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಸರಣಿಗಳೆಲ್ಲ ಮೊದಲಿಂದ. 2027ರ ಫಾಲ್ ಕೈತಪ್ಪುತ್ತದೆ. ಅವಳಿಗೆ ಸ್ಟ್ಯಾಟಿಸ್ಟಿಕ್ಸ್ ಹಿಡಿಸಿದ್ದರೆ ಕಾಗ್ನಿಟಿವ್ ಸೈನ್ಸ್ ಅಪ್ಪ ಮಗಳಿಬ್ಬರೂ ಒಟ್ಟಿಗೆ ಕೂತು ನೋಡಬೇಕಾದ ಪುಟ.

ಸೈಕಾಲಜಿಯ ಬಿ.ಎ. ಒಂದರಿಂದಲೇ ಯಾರೂ ಥೆರಪಿಸ್ಟ್ ಆಗುವುದಿಲ್ಲ. ಇದನ್ನು ಮಗಳಿಗೆ ಈಗಲೇ ನೇರವಾಗಿ ಹೇಳುವುದು ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿ ಕುಟುಂಬ ಚಿಕಿತ್ಸಕರಾಗಲು ಸ್ನಾತಕೋತ್ತರ ಪದವಿ ಮತ್ತು ಮೇಲ್ವಿಚಾರಣೆಯಲ್ಲಿ 3,000 ಗಂಟೆ ಬೇಕು. ಸೈಕಾಲಜಿಸ್ಟ್ ಎಂಬ ಪರವಾನಗಿಗೆ ಡಾಕ್ಟರೇಟ್ ಬೇಕು. ಭಾರತಕ್ಕೆ ಮರಳಿದರೆ ಎಂ.ಎ. ಅಥವಾ ಎಂ.ಎಸ್ಸಿ. ಸೇರಲು ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಕೇಳಬಹುದು. ಆದ್ದರಿಂದ ಎರಡೂ ಕಾಲೇಜುಗಳ ಅಂಕಪಟ್ಟಿ ಮತ್ತು ಪ್ರತಿ ಕೋರ್ಸಿನ ಪಠ್ಯವಿವರವನ್ನು ಜೋಪಾನ ಮಾಡಿ.

ಮುಂದಿನ ಓದಿನ ಆಸೆಯಿದ್ದರೆ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ನಿಜವಾಗಿ ಕಡಿಮೆ ಬೀಳುವುದು ಸಮಯ. ಮೊದಲ ವರ್ಷದಿಂದ ಅಲ್ಲೇ ಇದ್ದವರಿಗೆ ಪ್ರಾಧ್ಯಾಪಕರ ಲ್ಯಾಬ್ ಹುಡುಕಲು ನಾಲ್ಕು ವರ್ಷ ಇರುತ್ತದೆ, ನಿಮ್ಮ ಮಗಳಿಗೆ ಎರಡೇ. ಆನರ್ಸ್ ಪ್ರಬಂಧಕ್ಕೆ ಅರ್ಜಿ ಹಾಕುವ ಹೊತ್ತಿಗೆ, ಅಂದರೆ ಸಾಮಾನ್ಯವಾಗಿ ಮೂರನೇ ವರ್ಷದ ಕೊನೆಗೆ, ಕೆಲಸ ನೋಡಿದ ಒಬ್ಬ ಮೇಷ್ಟರಾದರೂ ಬೇಕು. ಹೋದ ಮೊದಲ ಅವಧಿಯಲ್ಲೇ ಐದಾರು ಲ್ಯಾಬ್‌ಗಳಿಗೆ ಚಿಕ್ಕ ಮಿಂಚಂಚೆ ಬರೆಯಲಿ: ಸಂಶೋಧನಾ ವಿಧಾನಗಳ ಕೋರ್ಸ್ ಮುಗಿದಿದೆ, ವಾರಕ್ಕೆ ಇಷ್ಟು ಗಂಟೆ ಕೊಡಬಲ್ಲೆ, ನಿಮ್ಮ ಇಂಥ ಅಧ್ಯಯನ ಓದಿದೆ ಎಂದು. ಸಂಬಳದ ಕೆಲಸ ಎಚ್-4ನಲ್ಲಿ ಮಾಡುವಂತಿಲ್ಲ. ಕೋರ್ಸ್ ಕ್ರೆಡಿಟ್‌ಗಾಗಿ ಲ್ಯಾಬ್‌ನಲ್ಲಿ ಕಲಿಯುವುದು ಬೇರೆ ವಿಷಯ, ಅದನ್ನು ಮಾಡಬಹುದು. ಮೊದಲ ಅವಧಿಯಲ್ಲಿ ಗ್ರೇಡ್ ಸ್ವಲ್ಪ ಇಳಿಯುವುದು ಟ್ರಾನ್ಸ್‌ಫರ್ ಆದವರಲ್ಲಿ ಸಾಮಾನ್ಯ. ಮೂರು ಗಟ್ಟಿ ಕೋರ್ಸ್ ಸಾಕು, ನಾಲ್ಕನೆಯದನ್ನು ತುರುಕಬೇಡಿ. ಎಫ್-1 ಆದ ಮೇಲೆ ಪ್ರತಿ ಅವಧಿಗೆ ಕನಿಷ್ಠ 12 ಯೂನಿಟ್ ಇರಲೇಬೇಕು, ಅದರ ಲೆಕ್ಕಕ್ಕೆ ಆನ್‌ಲೈನ್ ಕೋರ್ಸ್ ಒಂದೇ ಸೇರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಸಾಂಟಾ ಕ್ರೂಜ್ ಅಥವಾ ಡೇವಿಸ್‌ಗೆ ಟ್ಯಾಗ್, ಬರ್ಕ್‌ಲಿಗೆ ಸಾಮಾನ್ಯ ಅರ್ಜಿ, ಜೊತೆಗೆ ಎ.ಎ.-ಟಿ ಮುಗಿಸಿಕೊಂಡು ಸ್ಯಾನ್ ಹೊಸೆ ಸ್ಟೇಟ್ ಮತ್ತು ಈಸ್ಟ್ ಬೇ. ನಾಲ್ಕೂ ಕೈಗೆ ಬಂದಾಗ ಅನಿವಾಸಿ ಶುಲ್ಕದ ಲೆಕ್ಕ ಪಕ್ಕದಲ್ಲಿಟ್ಟು ತೀರ್ಮಾನಿಸಿ. ಸಾಲ ಮಾಡದೆ ಯುಸಿ ಆಗುವುದಿಲ್ಲ ಅನ್ನಿಸಿದರೆ ಸ್ಯಾನ್ ಹೊಸೆಗೆ ಹೋಗುವುದನ್ನು ನಾನು ಹಿಂಜರಿಯದೆ ಹೇಳುತ್ತೇನೆ. ಉಳಿದ ಆ ಹಣವೇ ಮುಂದೆ ಸ್ನಾತಕೋತ್ತರ ಓದಿಗೆ ಬೇಕಾಗುತ್ತದೆ.

ಈ ವಾರ ಕಾಲೇಜಿನ ಕೌನ್ಸೆಲರ್ ಜೊತೆ ಸಮಯ ಗೊತ್ತು ಮಾಡಿ, ಬಣ್ಣ ಹಚ್ಚಿದ ಹಾಳೆಗಳನ್ನು ಒಯ್ದು ಮೂರು ಕ್ವಾರ್ಟರ್‌ಗಳ ಯೋಜನೆಯನ್ನು ಲಿಖಿತವಾಗಿ ಪಡೆಯಿರಿ. ಅದರ ಜೊತೆಗೇ, ಮನಸ್ಸಿನಲ್ಲಿರುವ ಪ್ರತಿ ಕ್ಯಾಂಪಸ್‌ನ ರೆಸಿಡೆನ್ಸಿ (ನಿವಾಸಿ ಶುಲ್ಕವೋ ಅನಿವಾಸಿ ಶುಲ್ಕವೋ ಎಂದು ನಿರ್ಧರಿಸುವ) ಕಚೇರಿಗೆ ಮಗಳ ಹೆಸರಿನಲ್ಲಿ ಒಂದು ಮಿಂಚಂಚೆ ಹೋಗಲಿ: ‘ನಾನು ಎಚ್-4ನಲ್ಲಿದ್ದು 2027ರ ಫಾಲ್‌ಗೆ ಸೇರಬಯಸುತ್ತೇನೆ. 2027ರ ಡಿಸೆಂಬರ್‌ನಲ್ಲಿ 21 ತುಂಬಿ ಎಫ್-1ಗೆ ಬದಲಾಗಲಿದ್ದೇನೆ. ನನ್ನ ಶುಲ್ಕದ ವರ್ಗ ಯಾವ ಅವಧಿಯಿಂದ ಬದಲಾಗುತ್ತದೆ?’ ಉತ್ತರ ಬಂದ ಮಿಂಚಂಚೆಯನ್ನು ದಿನಾಂಕ ಕಾಣುವಂತೆ ಪ್ರಿಂಟ್ ತೆಗೆದು ಅಸಿಸ್ಟ್ ಹಾಳೆಗಳ ಜೊತೆಗೇ ಇಟ್ಟುಕೊಳ್ಳಿ.